ಬ್ಲೇಡು ತಣಿಸಿದ ನಾಲ್ವರು

ನಾನು ಒಳ್ಳೆಯ ಸಂಶೋಧಕ. ಈ ಮಾತನ್ನು ಬೇರೆಯವರು ಹೇಳಲಿ ಎಂದು ಹದಿನೆಂಟು ವರ್ಷ ಕಾದೆ. ಯಾರೂ ಹೇಳುವ ಲಕ್ಷಣ ಕಾಣದ್ದರಿಂದ ಈಗ ನಾನೇ ಹೇಳುತ್ತಿದ್ದೇನೆ. ವಿನಯ ಎಂಬುದು ಈಗಾಗಲೇ ಹೆಸರು ಮಾಡಿದವರಿಗೆ ಒಪ್ಪುವ ಗುಣ. ಹೆಸರು ಇನ್ನೂ ಆಗಬೇಕಾದವನು ವಿನಯದಿಂದ ಕೂತರೆ ಜನ ಅವನಿಗೆ ನಿಜಕ್ಕೂ ಏನೂ ಬರುವುದಿಲ್ಲ ಎಂದೇ ನಂಬಿಬಿಡುತ್ತಾರೆ. ಗಡಿನಾಡಿನ ಉದಗೀರದ ಆಚೆ ತೊಗರಿ ಹೊಲಗಳ ನಡುವೆ ನಿಂತ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಪ್ರಾಧ್ಯಾಪಕ. ತರಗತಿಯಲ್ಲಿ ಇಂಗ್ಲಿಷು, ಸ್ಟಾಫ್ ರೂಮಿನಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ಮೂರರಲ್ಲೂ ನನ್ನ ವಿಷಯ ಒಂದೇ: ಗ್ಯಾಸ್ ಟರ್ಬೈನಿನ ಬ್ಲೇಡುಗಳನ್ನು ತಣ್ಣಗಿಡುವುದು ಹೇಗೆ.

ವಿಮಾನದ ಎಂಜಿನ್ನಿನೊಳಗೆ ಈ ಬ್ಲೇಡುಗಳು ತಿರುಗುವುದು ತಮ್ಮ ಲೋಹವೇ ಕರಗುವಷ್ಟು ಬಿಸಿಯಾದ ಗಾಳಿಯಲ್ಲಿ. ಆದರೂ ಅವು ಕರಗುವುದಿಲ್ಲ, ಏಕೆಂದರೆ ಅವುಗಳ ಹೊಟ್ಟೆ ಟೊಳ್ಳು. ಒಳಗೆ ತಂಪು ಗಾಳಿ ಹರಿಸಿ, ಮೈಮೇಲಿನ ಸಣ್ಣ ಸಣ್ಣ ತೂತುಗಳಿಂದ ಹೊರಗೆ ಬಿಡುತ್ತಾರೆ. ತೂತು ನೆಟ್ಟಗಿದ್ದರೆ ಗಾಳಿ ಚಿಮ್ಮಿ ಹಾರಿಹೋಗುತ್ತದೆ. ಓರೆಯಾಗಿದ್ದರೆ ತೆಳ್ಳನೆಯ ಹೊದಿಕೆಯಂತೆ ಬ್ಲೇಡಿನ ಮೈಗೆ ಅಂಟಿಕೊಂಡು ಅದನ್ನು ಕಾಪಾಡುತ್ತದೆ. ಮದುವೆಯಾದ ಹೊಸತರಲ್ಲಿ ಇದನ್ನೆಲ್ಲ ನನ್ನ ಹೆಂಡತಿ ಮಹಾನಂದಾಳಿಗೆ ಒಂದು ತಾಸು ವಿವರಿಸಿದ್ದೆ. ಆಕೆ ಪೂರ್ತಿ ಕೇಳಿ, "ಅಷ್ಟೇ ಏನ್ರೀ? ಬಿಸಿ ಹಾಲು ಊದಿ ಆರಿಸಿದಂಗ ಆಯ್ತಲ್ಲ! ಇದಕ್ಕ ಪಿಎಚ್‌ಡಿ ಕೊಡ್ತಾರ?" ಎಂದಳು. ಅಂದಿನಿಂದ ಮನೆಯಲ್ಲಿ ಹಾಲು ಆರಿಸುವ ಕೆಲಸ ನನ್ನದಾಗಿದೆ. ಅರ್ಹತೆಗೆ ತಕ್ಕ ಹೊಣೆ ಎಂದುಕೊಂಡಿದ್ದೇನೆ.

ನನ್ನ ಪ್ರಯೋಗಕ್ಕೆ ಒಂದು ಅಲ್ಯುಮಿನಿಯಂ ಹಲಗೆಯಲ್ಲಿ ಇಂಥ ಓರೆ ತೂತುಗಳ ಸಾಲು ಬೇಕಾಗಿತ್ತು. ಲೋಹದ ಮೇಲೆ ಓರೆಯಾಗಿ ಡ್ರಿಲ್ಲು ಇಟ್ಟು ನೋಡಿ, ಅದು ಬಾಳೆಹಣ್ಣಿನ ಸಿಪ್ಪೆ ಮೆಟ್ಟಿದವನಂತೆ ಜಾರುತ್ತದೆ. ನಾನು ಹತ್ತಾರು ಡ್ರಿಲ್ ಬಿಟ್ಟುಗಳನ್ನು ಮುರಿದು, "ಈ ಪ್ರಯೋಗ ನಮ್ಮ ದೇಶದಲ್ಲಿ ಸಾಧ್ಯವಿಲ್ಲ" ಎಂದು ಟಿಪ್ಪಣಿ ಬರೆಯಲು ಕೂತಿದ್ದೆ. ಆಗ ಬಂದವರು ನಮ್ಮ ವರ್ಕ್‌ಶಾಪಿನ ಮಾಳಪ್ಪ ಕಾಕಾ. ವಲಾಂಡಿ ಎಂಬ ಹಳ್ಳಿಯವರು, ತಲೆತಲಾಂತರದಿಂದ ಕುರಿ ಸಾಕುವ ಮನೆತನ. ಅವರು ಹಲಗೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಸರ, ಬಿಟ್ಟಿಗಿ ಮದಲ ಕಾಲ ಊರ್ಲಾಕ ಜಾಗಾ ಬೇಕ್ರಿ" ಎಂದರು. ಅದೇ ಲೋಹದ ಒಂದು ಇಳಿಜಾರು ತುಂಡನ್ನು ಕೊಯ್ದು ಹಲಗೆಯ ಮೇಲೆ ಬಿಗಿದರು. ಡ್ರಿಲ್ಲಿಗೆ ಈಗ ತುಂಡಿನ ಮುಖ ನೆಟ್ಟಗೆ ಸಿಕ್ಕಿತು, ಜಾರಲಿಲ್ಲ. ತುಂಡನ್ನು ತೆಗೆದರೆ ಕೆಳಗೆ ಹಲಗೆಯಲ್ಲಿ ಅಚ್ಚುಕಟ್ಟಾದ ಓರೆ ತೂತು! ಎರಡು ದಿನದಲ್ಲಿ ಸಾಲು ಮುಗಿಯಿತು.

ನಾನು ಗಾಳಿ ಊದಿದೆ, ತಾಪ ಅಳೆದೆ, ಪೇಪರು ಬರೆದೆ. ಲೇಖಕರು ನಾಲ್ವರು. ಮೊದಲನೆಯವನು ನಾನು. ಎರಡನೆಯವರು ನಮ್ಮ ವಿಭಾಗದ ಮುಖ್ಯಸ್ಥರು. ಅವರು "ಬೇಗ ಮುಗಿಸಿರಿ" ಎಂದಿದ್ದರು. ಮೂರನೆಯವರು ಪ್ರಾಚಾರ್ಯರು, ಅವರು ಏನೂ ಅಂದಿರಲಿಲ್ಲ, ಅದೂ ದೊಡ್ಡ ಸಹಕಾರವೇ. ನಾಲ್ಕನೆಯವನು ಉಮರ್ಗಾದ ಇನ್ನೊಂದು ಕಾಲೇಜಿನಲ್ಲಿರುವ ನನ್ನ ಗೆಳೆಯ ಬಸವರಾಜ. ಅವನು ಅದಕ್ಕೂ ಮೊದಲೇ ಮಾಕಣಿ ಅಣೆಕಟ್ಟಿನ ಹೂಳಿನ ಬಗ್ಗೆ ಬರೆದ ಪೇಪರಿನಲ್ಲಿ ನನ್ನ ಹೆಸರು ಸೇರಿಸಿದ್ದ. ಆ ಅಣೆಕಟ್ಟನ್ನು ನಾನು ಬಸ್ಸಿನ ಕಿಟಕಿಯಿಂದ ಒಮ್ಮೆ ನೋಡಿದ್ದೇನೆ. ಕೊನೆಯ ಸಾಲಿನ ಕೃತಜ್ಞತೆಯಲ್ಲಿ ಸಂಸ್ಥೆಯ ಅಧ್ಯಕ್ಷರು, ನನ್ನ ತಂದೆತಾಯಿ, ವಿದ್ಯುತ್ ಮಂಡಳಿ ಎಲ್ಲರೂ ಇದ್ದರು.

ಪೇಪರು ಅಚ್ಚಾದರೆ ಸಾಲದು, ಅದನ್ನು ಇನ್ನೊಬ್ಬರು ತಮ್ಮ ಪೇಪರಿನಲ್ಲಿ ಉಲ್ಲೇಖಿಸಬೇಕು. ಎಷ್ಟು ಉಲ್ಲೇಖವೋ ಅಷ್ಟು ಮರ್ಯಾದೆ. ನನ್ನ ಉಲ್ಲೇಖಗಳು ವರ್ಷ ವರ್ಷ ಏರುತ್ತಿದ್ದವು. ಹೀಗಿರುವಾಗ ನಮ್ಮ ಗ್ರಂಥಪಾಲಕಿ ಸುನಂದಾ ಮೇಡಂ ತಾವೂ ಪಿಎಚ್‌ಡಿ ಶುರು ಮಾಡಿದರು. ಯಾರು ಯಾರ ಜೊತೆ ಸೇರಿ ಬರೆಯುತ್ತಾರೆ, ಯಾರು ಯಾರನ್ನು ಉಲ್ಲೇಖಿಸುತ್ತಾರೆ ಎಂಬುದೇ ಅವರ ಅಧ್ಯಯನ. "ಯಾವ ವಿಷಯದ ಪೇಪರ್ ತಗೋಲ್ರಿ ಸರ?" ಎಂದು ನನ್ನನ್ನೇ ಕೇಳಿದರು. ನಾನು ಎದೆ ಉಬ್ಬಿಸಿ, "ಟರ್ಬೈನ್ ಬ್ಲೇಡ್ ತಣಿಸೂದು ತಗೋರಿ. ಅದರಾಗ ನಮ್ಮ ಕಾಲೇಜಿನ ಹೆಸರೂ ಬರ್ತದ" ಎಂದೆ. ಅವರು ತಗೊಂಡರು.

ಆರು ತಿಂಗಳ ಮೇಲೆ ಒಂದು ಮಧ್ಯಾಹ್ನ ಅವರು ಗ್ರಂಥಾಲಯದ ದೊಡ್ಡ ಮೇಜಿನ ಮೇಲೆ ಒಂದು ನಕ್ಷೆ ಹಾಸಿದರು. ಪ್ರತಿ ಸಂಶೋಧಕನೂ ಒಂದು ಚುಕ್ಕೆ, ಪ್ರತಿ ಉಲ್ಲೇಖವೂ ಒಂದು ಗೆರೆ. ನಡುವೆ ಜೇಡರ ಬಲೆಯಂತೆ ದಟ್ಟವಾಗಿ ಗೆರೆಗಳು. ದೂರದ ಮೂಲೆಯಲ್ಲಿ ಎರಡೇ ಚುಕ್ಕೆ. ಒಂದರಿಂದ ಇನ್ನೊಂದಕ್ಕೆ, ಇನ್ನೊಂದರಿಂದ ಇದಕ್ಕೆ ದಪ್ಪ ಗೆರೆಗಳು. ಒಂದು ಚುಕ್ಕೆಯಿಂದ ಹೊರಟ ಗೆರೆ ಸುತ್ತು ಹಾಕಿ ತನ್ನ ಮೇಲೇ ಬಂದು ಬಿದ್ದಿತ್ತು.

"ಈ ಬಡಪಾಯಿ ಯಾರ್ರೀ ಮೇಡಂ?" ಎಂದು ನಕ್ಕೆ.

"ಅಹೋ ಸರ, ಅದು ನೀವು. ಬಾಜೂಕ ಉಮರ್ಗಾದ ಬಸವರಾಜ ಸರ."

ಮುಂದಿನ ಸೋಮವಾರ ಇಡೀ ಕಾಲೇಜಿನ ಎದುರು ಅವರ ಸೆಮಿನಾರ್ ಇತ್ತು. "ಈ ಮೂಲಿ ಜರಾ ಕತ್ತರಿಸಿದ್ರ ನಡೀತದಲ್ಲ?" ಎಂದೆ. ಸುನಂದಾ ಮೇಡಂ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಆರು ತಿಂಗಳಿಂದ ಮನಿ, ಮಕ್ಕಳು, ನೌಕರಿ ಎಲ್ಲಾ ಸಂಭಾಳಿಸ್ಕೋತ ಇದನ್ನ ಮಾಡ್ಲತ್ತೀನ್ರಿ. ನಿಮ್ಮ ಹೆಸರು ಬರ್ಯಂಗಿಲ್ಲ ಖರೆ, ಚುಕ್ಕಿ ಅಳಸಂಗಿಲ್ಲ." ಆಮೇಲೆ ಅವರಿಗೇ ಪಾಪ ಅನ್ನಿಸಿತೇನೋ, "ಇಲ್ಲಿ ನೋಡ್ರಿ, ಹೊರಗಿಂದ ಒಂದು ಗೆರಿ ಬಂದದ" ಎಂದು ಬೆರಳಿಟ್ಟು ತೋರಿಸಿದರು. ಸಮುದ್ರದಾಚೆಯ ಯಾವುದೋ ಪ್ರಯೋಗಾಲಯದವರು ನನ್ನ ಪೇಪರನ್ನು ಉಲ್ಲೇಖಿಸಿದ್ದರು!

ಆ ಒಂದು ಕೂದಲೆಳೆಯಷ್ಟು ಗೆರೆಯನ್ನು ಹಿಡಿದು ನಾನು ಆಕಾಶಕ್ಕೆ ಹತ್ತಿದೆ. ಪ್ರಾಚಾರ್ಯರು ನೋಟಿಸ್ ಬೋರ್ಡಿನಲ್ಲಿ ಅಭಿನಂದನೆ ಹಾಕಿಸಿದರು. ಬಸವರಾಜ ಉಮರ್ಗಾದಿಂದ ಫೋನು ಮಾಡಿ, "ನಾನೂ ಲೇಖಕ ಇದೀನಲೇ, ಮರೀಬ್ಯಾಡ" ಎಂದ. ಪೇಪರು ಅಚ್ಚಾದ ದಿನದಂತೆ ಈಗಲೂ ಎಲ್ಲರಿಗೂ ಪೇಡೆ ಹಂಚಿ, ಅದೆಲ್ಲ ಮುಗಿದ ಮೇಲೆ ಆ ಪೇಪರನ್ನು ತರಿಸಿ ಓದಿದೆ. ಮೊದಲೇ ಓದಬೇಕಿತ್ತು. ನಾನು ಅಳೆದ ತಾಪಗಳು ತಮ್ಮ ಅಳತೆಗೆ ಹೊಂದಲಿಲ್ಲ ಎಂದು ಅವರು ಬಹಳ ಸಭ್ಯವಾಗಿ ಬರೆದಿದ್ದರು. ಆದರೆ ಓರೆ ತೂತು ಕೊರೆಯುವ ವಿಧಾನ ಮಾತ್ರ ಅಪರೂಪದ ಜಾಣತನದ್ದು, ಅದನ್ನೇ ತಾವೂ ಅನುಸರಿಸಿದ್ದೇವೆ ಎಂದಿದ್ದರು. ನನ್ನ ಪೇಪರನ್ನು ತೆರೆದು ಆ ಭಾಗವನ್ನು ನೋಡಿದೆ. "ನಾವು ಒಂದು ತುಂಡನ್ನು ಬಿಗಿದೆವು" ಎಂದಿತ್ತು. ಆ "ನಾವು" ಎಂಬುದರಲ್ಲಿ ನಾಲ್ವರಿದ್ದೆವು. ಬಿಗಿದವರು ಇರಲಿಲ್ಲ. ವಿದ್ಯುತ್ ಮಂಡಳಿಗೆ ಸಿಕ್ಕ ಜಾಗವೂ ಅವರಿಗೆ ಸಿಕ್ಕಿರಲಿಲ್ಲ. ಅವತ್ತು ರಾತ್ರಿ ಮಹಾನಂದಾಳಿಗೆ ಹೇಳಿದೆ. ಆಕೆ ನಗಲಿಲ್ಲ. "ನಾಳೆ ಐತವಾರ. ಹೋಗಿ ಹೇಳಿ ಬರ್ರಿ" ಎಂದಷ್ಟೇ ಅಂದಳು.

ಬೈಕಿನಲ್ಲಿ ದೇವಣಿ ದಾಟಿ ವಲಾಂಡಿಗೆ ಹೋದಾಗ ಮಾಳಪ್ಪ ಕಾಕಾ ಅಂಗಳದಲ್ಲಿ ಕುರಿಯ ಉಣ್ಣೆ ಕತ್ತರಿಸುತ್ತಿದ್ದರು. ದಾರಿಯುದ್ದಕ್ಕೂ ಕಟ್ಟಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. "ಕಾಕಾ, ನಿಮ್ಮ ಕೆಲಸಕ್ಕ ನಾ ನನ್ನ ಹೆಸರು ಹಚ್ಕೊಂಡೀನಿ. ತಪ್ಪಾಗ್ಯದ" ಎಂದುಬಿಟ್ಟೆ. ಅವರು ಕತ್ತರಿ ಕೆಳಗಿಟ್ಟು, ಕುರಿಯನ್ನು ಬಿಟ್ಟರು.

"ಅಚ್ಚಾದ ದಿನ ಪೇಡೆ ಕೊಟ್ಟಿದ್ರಿ ನೋಡ್ರಿ ಸರ. ಅವತ್ತ ಪೇಪರ್ ತಿರುವಿ ನೋಡೀನಿ. ಇಂಗ್ಲಿಷ್ ಬರಂಗಿಲ್ಲ ಖರೆ, ನನ್ನ ಹೆಸರಿನ ಅಕ್ಷರ ಗುರ್ತು ಸಿಗ್ತಾವ್ರಿ."

ನಾನು ಚೀಲದಿಂದ ಆ ಪೇಪರನ್ನು ತೆಗೆದೆ. ಅವರೇ ಮುಂದುವರಿಸಿದರು. "ಆಗ್ಲಿ ಬಿಡ್ರಿ. ನೀವು ಬರದದ್ದು ಓದಿ ಹೇಳ್ರಿ, ಕೇಳೋಣು."

ಕನ್ನಡದಲ್ಲಿ ಹೇಳುತ್ತಾ ಹೋದೆ. ನಡುವೆಯೇ ಕೈ ಎತ್ತಿ ತಡೆದರು. "ಗ್ಯಾಸ್ ಎಣ್ಣಿ ಹಾಕಿದ್ದು ಎಲ್ಯದ? ಬಿಟ್ಟಿಗಿ ಎಣ್ಣಿ ಬಿಡಲಿಲ್ಲಂದ್ರ ಅಲ್ಯುಮಿನಿಯಂ ಅಂಟ್ತದ್ರೀ. ಅವರು ಅಲ್ಲಿ ಎಷ್ಟು ಬಿಟ್ಟು ಮುರ್ಕೊಂಡಾರೋ ಏನೋ, ಪಾಪ! ಪೈಲೆ ಅವರಿಗಿ ತಿಳಸ್ರಿ." ನನ್ನ ತಪ್ಪಿಗಿಂತ ಆ ಕಾಣದ ಜನರ ಬಿಟ್ಟುಗಳ ಚಿಂತೆಯೇ ಅವರಿಗೆ ಹೆಚ್ಚಾಗಿತ್ತು. ಅಲ್ಲೇ ಕಟ್ಟೆಯ ಮೇಲೆ ಕೂತು, ಸೀಮೆಎಣ್ಣೆಯ ವಿಷಯ ಸೇರಿಸಿ, ಅವರು ಹೇಳಿದಂತೆ ಪತ್ರ ಬರೆದೆ. ಈ ವಿಧಾನ ವಲಾಂಡಿಯ ಮಾಳಪ್ಪ ಅವರದ್ದು, ಹೆಸರು ಬಿಟ್ಟದ್ದು ನನ್ನ ತಪ್ಪು ಎಂಬುದನ್ನು ಮೊದಲ ಸಾಲಿನಲ್ಲೇ ಹಾಕಿದೆ. ಪೇಪರು ಅಚ್ಚು ಹಾಕಿದವರಿಗೂ ತಿದ್ದುಪಡಿ ಕಳಿಸಿದೆ.

ಸೋಮವಾರದ ಸೆಮಿನಾರಿನಲ್ಲಿ ಸುನಂದಾ ಮೇಡಂ ಆ ಮೂಲೆಯನ್ನು ತೋರಿಸಿದಾಗ ಸಭೆ ಗೊಳ್ಳೆಂದು ನಕ್ಕಿತು. ನಾನು ಎದ್ದು ನಿಂತು, "ಆ ಚುಕ್ಕೆ ನಾನು" ಎಂದೆ. ನಗು ನಿಂತಿತು. ಹೊರಗಿನಿಂದ ಬಂದ ಆ ಗೆರೆ ಯಾರದ್ದೆಂದೂ ಹೇಳಿದೆ. ಪ್ರಾಚಾರ್ಯರು ಕೆಮ್ಮಿದರು. ಹಿಂದಿನ ಸಾಲಿನಲ್ಲಿದ್ದ ವರ್ಕ್‌ಶಾಪಿನವರು ಚಪ್ಪಾಳೆ ತಟ್ಟಿದರು.

ಮೂರು ವಾರದ ಮೇಲೆ ಉತ್ತರ ಬಂತು. "ಪ್ರೊಫೆಸರ್ ಮಾಳಪ್ಪ ಅವರಿಗೆ" ಎಂದೇ ಶುರುವಾಗಿತ್ತು. ಎಣ್ಣೆಯ ಸಲಹೆ ಬಹಳ ಉಪಯೋಗವಾಯಿತಂತೆ. ಬಾಗಿದ ಬ್ಲೇಡಿನ ಮೇಲೆ ಕೊರೆಯುವುದು ಹೇಗೆ ಎಂದು ಕೇಳಿದ್ದರು. ಕೊನೆಯಲ್ಲಿ ಒಂದು ಸಾಲು: "ಪತ್ರ ಬರೆದುಕೊಟ್ಟ ನಿಮ್ಮ ಸಹಾಯಕರಿಗೂ ನಮ್ಮ ವಂದನೆಗಳು."

ವರ್ಕ್‌ಶಾಪಿನಲ್ಲಿ ಓದಿ ಹೇಳಿದೆ. ಮಾಳಪ್ಪ ಕಾಕಾ ಗಂಭೀರವಾಗಿ ಕೇಳಿ, "ಈ ಸಹಾಯಕ ಅಂದ್ರ ಯಾರ್ರೀ ಸರ?" ಎಂದರು.

"ನಾನೇರಿ ಕಾಕಾ."

"ಹಂಗಾದ್ರ ಕೂಡ್ರಿ" ಎಂದು ಲೇತ್ ಯಂತ್ರದ ಪಕ್ಕದ ಸ್ಟೂಲನ್ನು ಕಾಲಿನಿಂದ ನನ್ನತ್ತ ಸರಿಸಿದರು. "ಜವಾಬು ಹೇಳ್ತೀನಿ, ಬರ್ಕೋರಿ. ಈ ಸಲ ಎಣ್ಣಿ ಮರೀಬ್ಯಾಡ್ರಿ."

ನಾನು ಪೆನ್ನಿನ ಮುಚ್ಚಳ ತೆಗೆದೆ.