ಕೋರಿ ಮೀನಿನ ಮರಿಗಳೂ ಸುಮ್ಮನಿರದ ಕೈಗಳೂ

ಒಲೆಯ ಮೇಲಿಟ್ಟ ಅನ್ನದ ಮುಚ್ಚಳ ತೆಗೆದು ನೋಡದೆ ಇರುವ ಶಕ್ತಿಯನ್ನು ದೇವರು ನನಗೆ ಕೊಡಲಿಲ್ಲ. ಕೊತ್ತಂಬರಿ ಬೀಜ ಹಾಕಿದರೆ ಮೂರನೆಯ ದಿನವೇ ಮಣ್ಣು ಕೆದಕಿ ಮೊಳಕೆ ಬಂತಾ ಎಂದು ನೋಡುತ್ತೇನೆ. ಕೊಪ್ಪದ ನಮ್ಮ ಕಚೇರಿಯಲ್ಲಿ ಪ್ರಿಂಟರಿನಿಂದ ಅರ್ಧ ಹೊರಬಂದ ಕಾಗದವನ್ನು ಎಳೆದು ಹರಿದ ಕೀರ್ತಿಯೂ ನನ್ನದೇ. ಇಂಥ ಮನುಷ್ಯ ಮೀನಿನ ಮರಿ ಮಾಡಿಸಲು ಹೋಗಬಾರದಿತ್ತು.

ಚಿಕ್ಕಂದಿನಲ್ಲಿ ಶೃಂಗೇರಿಯ ಹೊಳೆಯ ಮೀನುಗಳಿಗೆ ಮಂಡಕ್ಕಿ ಎರಚಿದ ಅನುಭವದ ಬಲದಿಂದ, ಮೀನು ಸಾಕುವುದೆಂದರೆ ಅಷ್ಟೇ ಅಂದುಕೊಂಡಿದ್ದೆ. ಜಯಪುರದಲ್ಲಿ ಫ್ಯಾನು, ಮಿಕ್ಸಿ ರಿಪೇರಿ ಮಾಡುವ ಇಸ್ಮಾಯಿಲ್ ಸಾಹೇಬರು ಅಂಗಡಿಯ ಒಂದು ಮೂಲೆಯಲ್ಲಿ ಮೀನನ್ನೂ ಮಾರುತ್ತಾರೆ. ಅವರಿಂದ ಆರು ಕೋರಿಡೋರಸ್, ಅಂದರೆ ಕೋರಿ ಮೀನು ತಂದೆ. ಗೇಣುದ್ದವೂ ಇಲ್ಲದ, ತಳದಲ್ಲೇ ಓಡಾಡುವ, ಮೀಸೆ ಹೊತ್ತ ಮೀನು. ನಡುನಡುವೆ ಕಣ್ಣು ಮಿಟುಕಿಸುತ್ತದೆ. ನನಗೆ ಅದರ ಮೇಲೆ ಜೀವ. ಆದರೆ ಒಂದು ವರ್ಷ ಕಳೆದರೂ ಮೊಟ್ಟೆಯ ಸುದ್ದಿ ಇಲ್ಲ.

"ಅದಕ್ಕೆ ಮಳೆಗಾಲ ಬಂತು ಅಂತ ಅನ್ನಿಸ್ಬೇಕು ಮಾರಾಯ್ರೆ. ತಣ್ಣೀರು ಹಾಕಿ ನೋಡಿ" ಅಂದರು ಸಾಹೇಬರು. ಅಂದಿನಿಂದ ನಾನು ಗಿಡಕ್ಕೆ ನೀರು ಹಾಕುವ ತೂತಿನ ಕ್ಯಾನು ಹಿಡಿದು ಮೀನಿನ ಗಾಜಿನ ತೊಟ್ಟಿಯ ಮೇಲೆ ಮಳೆ ಸುರಿಸತೊಡಗಿದೆ. ಆಗ ಜುಲೈ ತಿಂಗಳು. ಮೀಟರ್ ನೋಡಲು ಬಂದವನು ಕೊಡೆ ಮಡಚುತ್ತಾ ಕಿಟಕಿಯಿಂದ ಇಣುಕಿ, "ಹೊರಗಿಂದು ಸಾಲ್ದಾ ಮಾರಾಯ್ರೆ?" ಎಂದು ಕೇಳಿ ಹೋದ.

ಅಂತೂ ಮೊಟ್ಟೆ ಬಂತು. ಗಾಜಿಗೆ ಅಂಟಿದ ಸಾಬಕ್ಕಿಯ ಹಾಗೆ. ಕಚೇರಿಗೆಲ್ಲ ಸಾರಿಕೊಂಡು ಸಂಜೆ ಮನೆಗೆ ಬಂದರೆ ಒಂದೂ ಇಲ್ಲ. ಹೆತ್ತವರೇ ತಿಂದು ಮುಗಿಸಿದ್ದರು. "ಮೊಟ್ಟೆ ಇಟ್ಟ ಕೂಡ್ಲೆ ಅಪ್ಪ ಅಮ್ಮನ್ನ ದೂರ ಇಡ್ಬೇಕು" ಎಂದು ಸಾಹೇಬರು ಫೋನಿನಲ್ಲಿ ಹೇಳಿದ್ದನ್ನು ನನ್ನ ಹೆಂಡತಿ ಶೈಲಜ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು.

ಎರಡನೆಯ ಸಲ ಮೊಟ್ಟೆಗಳನ್ನು ಮೆಲ್ಲಗೆ ಬಿಡಿಸಿ ಗಾಜಿನ ಭರಣಿಗೆ ಹಾಕಿದೆ. ಗಂಟೆಗೊಮ್ಮೆ ಟಾರ್ಚು ಬಿಟ್ಟು ನೋಡಿದೆ, ಬ್ರಷ್ಷಿನಿಂದ ಹೊರಳಿಸಿದೆ, ದಿನಕ್ಕೆ ಆರು ಸಲ ನೀರು ಬದಲಾಯಿಸಿದೆ. ಎಲ್ಲಕ್ಕೂ ಬೂಷ್ಟು ಹಿಡಿಯಿತು. ಮೂರನೆಯ ಸಲ ಇಪ್ಪತ್ತೆಂಟು ಮೊಟ್ಟೆ. ಮಾರನೆಯ ದಿನ ಕಚೇರಿಯಿಂದ ಬರುವಷ್ಟರಲ್ಲಿ ಭರಣಿಯನ್ನು ತೊಳೆದು ಬೋರಲು ಹಾಕಿಯಾಗಿತ್ತು. "ಬೂಷ್ಟು ಹಿಡಿದಿತ್ತು, ಚೆಲ್ಲಿದೆ" ಅಂದಳು ಶೈಲಜ. ನಾನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಸಣ್ಣ ವಿಷಯಕ್ಕೆ ಇಷ್ಟು ದುಃಖವೇ ಎಂದು ನಾಚಿಕೆಯೂ ಆಯಿತು, ದುಃಖವಂತೂ ಕಡಿಮೆಯಾಗಲಿಲ್ಲ. ತೂತಿನ ಕ್ಯಾನನ್ನು ಅಟ್ಟಕ್ಕೆ ಹಾಕಿದೆ.

ಒಂದು ತಿಂಗಳ ಮೇಲೆ ಶೈಲಜ ಶೃಂಗೇರಿಯ ಅಕ್ಕನ ಮನೆಗೆ ಹೋಗಿದ್ದಳು. ಮಧ್ಯಾಹ್ನ ಫೋನು ಬಂತು. "ರೀ, ಇಲ್ಲಿ ಮೋಡ ಕಟ್ಟಿದೆ. ಹಿಂದೆ ಬಟ್ಟೆ ಒಣಹಾಕಿದ್ದೆ, ತೆಗೆದುಬಿಡಿ." ಮರುಕ್ಷಣವೇ, "ಬೇಡ ಬಿಡಿ, ನೆನೆದ್ರೆ ನೆನೀಲಿ" ಅಂದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳು ಒಣಗಿದ ಬಟ್ಟೆ ನೆನೆಯಲಿ ಎಂದದ್ದು ಅದೇ ಮೊದಲು. ಬೇಡ ಎಂದ ಮೇಲೆ ನೋಡದೆ ಇರುವ ಜಾತಿ ನಾನಲ್ಲ.

ಹಿಂದಿನ ಬಟ್ಟೆ ಒಗೆಯುವ, ಒಣಹಾಕುವ ಜಾಗ ನಮ್ಮ ಮನೆಯಲ್ಲೇ ಇದ್ದರೂ ನಾನು ಅತ್ತ ಕಾಲಿಟ್ಟವನಲ್ಲ. ವಾಷಿಂಗ್ ಮೆಷಿನ್ನಿನ ಮಗ್ಗುಲಲ್ಲಿ ಒಂದು ಹಳೆಯ ಟಬ್ಬು, ಅದರೊಳಗೆ ಗುಳುಗುಳು ಗಾಳಿ ಬಿಡುವ ಪುಟ್ಟ ಪಂಪು. ಬಗ್ಗಿ ನೋಡಿದರೆ ತಳದ ತುಂಬ ಹೆಸರುಕಾಳಿಗಿಂತ ಚೂರು ಉದ್ದದ ಮೀಸೆಯ ಮರಿಗಳು. ಎಣಿಸಿದೆ, ಹತ್ತೊಂಬತ್ತು. ಸುಳ್ಳು ಹೇಳಿದಳಲ್ಲ ಎಂದು ಸಿಟ್ಟು ಬಂತು, ಆದರೆ ಮರಿಗಳ ಮುಂದೆ ಅದು ಹೆಚ್ಚು ಹೊತ್ತು ನಿಲ್ಲಲಿಲ್ಲ. ಬಟ್ಟೆ ಪೂರ್ತಿ ನೆನೆಯಿತು.

ಸಂಜೆ ಬಂದವಳು ನನ್ನ ಮುಖ ನೋಡಿಯೇ ವಿಷಯ ಗೊತ್ತುಮಾಡಿಕೊಂಡಳು.

"ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನೀವು ಸುಮ್ನೆ ಇರ್ತಿದ್ರಾ? ಪಂಪು, ಮರಿಗೆ ಹಾಕೋ ಸಣ್ಣ ಹುಳ, ಎಲ್ಲಾ ಸಾಹೇಬ್ರೇ ಬಸ್ಸಲ್ಲಿ ಕಳಿಸಿದ್ರು. ಮೊಟ್ಟೆಗೆ ಕಾಟ ಕೊಡೋರನ್ನ ದೂರ ಇಡಿ ಅಂತ ಅವ್ರೇ ಹೇಳಿದ್ರಲ್ಲ. ದೊಡ್ಡ ಮೀನಂತೂ ಹಾಲ್‌ನಲ್ಲೇ ಇತ್ತು. ನಿಮ್ಮನ್ನ ದೂರ ಇಡಕ್ಕೆ ಮನೇಲಿ ಇದೊಂದೇ ಜಾಗ ಇದ್ದದ್ದು."

ಇಪ್ಪತ್ತೆರಡು ವರ್ಷದ ನನ್ನ ಸೋಮಾರಿತನ ಹತ್ತೊಂಬತ್ತು ಜೀವ ಉಳಿಸಿತ್ತು.

ಈಗ ಒಂದು ಕರಾರಾಗಿದೆ. ದಿನಕ್ಕೆ ಐದು ನಿಮಿಷ ಮರಿಗಳನ್ನು ನೋಡಬಹುದು. ಆದರೆ ನೋಡುವಾಗ ಎರಡೂ ಕೈಯಲ್ಲಿ ಮೆಷಿನ್ನಿನಿಂದ ತೆಗೆದ ಒದ್ದೆ ಬಟ್ಟೆ ಇರಬೇಕು, ಆಮೇಲೆ ಅದನ್ನು ನಾನೇ ಒಣಹಾಕಬೇಕು. ನಿನ್ನೆ ಒಂದು ಮರಿ ಯಾಕೋ ಅಲುಗಾಡದೆ ಕೂತ ಹಾಗೆ ಕಂಡಿತು. ಬಟ್ಟೆಯೆಂದು ಕೈಗೊಂದರಂತೆ ಹಿಡಿದಿದ್ದ ಎರಡೂ ಕರವಸ್ತ್ರವನ್ನು ಒಂದೇ ಕೈಗೆ ಸೇರಿಸಿ, ಇನ್ನೊಂದು ಕೈಯ ಬೆರಳನ್ನು ನೀರಿನ ಹತ್ತಿರ ತಂದೆನಷ್ಟೆ, ಒಳಗಿನಿಂದ "ರೀ" ಎಂದು ಕೇಳಿಸಿತು. ಇವತ್ತಿನಿಂದ ಕರವಸ್ತ್ರ ಇಲ್ಲ, ಡಬಲ್ ಬೆಡ್‌ಶೀಟು.