ತಮ್ಮನ ವೆಬ್‌ಸೈಟಿನ ಗಂಟೆ

ಟಣ್! ದೇವರಮನೆಯ ಗಂಟೆಯ ಸದ್ದು. ಬಂದದ್ದು ಮಾತ್ರ ಲ್ಯಾಪ್‌ಟಾಪಿನಿಂದ. ಕಂಪ್ಯೂಟರಿಗೂ ಮದುವೆ ಛತ್ರಕ್ಕೂ ಏನೂ ವ್ಯತ್ಯಾಸವಿಲ್ಲ ಎಂದು ನಂಬಿರುವ ಮನುಷ್ಯ ಇಡೀ ತುಮಕೂರಿಗೆ ಒಬ್ಬನೇ. ಅವನು ನನ್ನ ತಮ್ಮನೇ ಆಗಬೇಕಿತ್ತೆ?

ಬಟವಾಡಿ ಬಡಾವಣೆಯ ಈ ರಿಟೈರ್ಡ್ ಲೆಕ್ಚರರ್ ನಮ್ಮ ಮನೆತನದ ಎಲ್ಲ ಮದುವೆಗಳಲ್ಲೂ ಉಗ್ರಾಣದ ಇನ್‌ಚಾರ್ಜ್. ಛತ್ರದವರು ಪೊರಕೆ ಹಿಡಿದು ಬರುವುದರೊಳಗೆ ಎಲ್ಲವನ್ನೂ ಟೆಂಪೋಗೆ ಹತ್ತಿಸಿಬಿಡುತ್ತಿದ್ದ. ಗುಬ್ಬಿಯ ಒಂದು ಮದುವೆಯಲ್ಲಿ ಜಮಖಾನದ ಜೊತೆಗೆ ಅದರ ಮೇಲೆ ಮಲಗಿದ್ದ ಬೀಗರ ಚಿಕ್ಕಪ್ಪನೂ ಹತ್ತಿದರು. ಪಾಪ, ಎಚ್ಚರವಾದದ್ದು ಬಟವಾಡಿಯಲ್ಲಿ!

ಇಂಥವನು ಅರವತ್ತೈದಕ್ಕೆ ಪ್ರೋಗ್ರಾಮಿಂಗ್ ಕಲಿತು, ನಮ್ಮ ಮನೆಯ ಹಸೆಹಾಡು, ಆರತಿಹಾಡುಗಳಿಗೆಂದು ವೆಬ್‌ಸೈಟ್ ಮಾಡಿದ. ಯಾರು ಬೇಕಾದರೂ ಫೋನಿನಿಂದ ಹಾಡು ಅಪ್‌ಲೋಡ್ ಮಾಡಬಹುದು. ತಲುಪಿದರೆ ಇವನ ಲ್ಯಾಪ್‌ಟಾಪಿನಲ್ಲೂ ಕಳಿಸಿದವರ ಫೋನಿನಲ್ಲೂ ಗಂಟೆ.

ಹೆಣ್ಣು ಒಪ್ಪಿಸುವಾಗ ಅಮ್ಮ ಹೇಳುತ್ತಿದ್ದ ಹಾಡು ಪೂರ್ತಿ ಬರುತ್ತಿದ್ದದ್ದು ಕುಣಿಗಲ್ಲಿನ ನಮ್ಮ ದೊಡ್ಡಕ್ಕನಿಗೆ ಮಾತ್ರ. ಎಂಬತ್ತು ದಾಟಿದ ಅವಳು ಹಾಡಿ ಕಳಿಸಿದಳು. ಗಂಟೆ ಹೊಡೆಯಿತು. ಗುಡ್ ಮಾರ್ನಿಂಗ್ ಗುಲಾಬಿಗಳಿಂದ ಫೋನ್ ತುಂಬಿತ್ತಲ್ಲ, ಹಾಡು ಹೇಗೂ ತಲುಪಿತೆಂದು ಗುಲಾಬಿ ಉಳಿಸಿಕೊಂಡು ಅದನ್ನು ಡಿಲೀಟ್ ಮಾಡಿದಳು. ಮಾರನೆಯ ದಿನ ಸೈಟಿನಲ್ಲಿ ಹಾಡೇ ಇಲ್ಲ!

ತಮ್ಮ ಇಳಿದನಿಯಲ್ಲಿ ವಿವರಿಸಿದ. ಕ್ಲೌಡಿನ ಸರ್ವರ್ ಎಂದರೆ ಬಾಡಿಗೆ ಛತ್ರ. ಬಂದ ಫೈಲು ಮೊದಲು ಅಲ್ಲಿನ ಟೆಂಪರರಿ ಕೋಣೆಯಲ್ಲಿ ಇಳಿಯುತ್ತದೆ. ಅಲ್ಲಿಂದ ನಮ್ಮ ಸ್ವಂತ ಉಗ್ರಾಣಕ್ಕೆ ಸಾಗಿಸಬೇಕು. ಸರ್ವರ್ ರೀಸ್ಟಾರ್ಟ್ ಆದರೆ ಕೋಣೆ ಗುಡಿಸಿ ಸಾಫ್. ಇವನ ಗಂಟೆಯೋ, ಫೈಲು ಕೋಣೆಗೆ ಇಳಿದ ಕೂಡಲೇ ಹೊಡೆದುಬಿಟ್ಟಿತ್ತು. ಉಗ್ರಾಣಕ್ಕೆ ಸಾಗಿಸುವ ಮೊದಲೇ ಸರ್ವರ್ ರೀಸ್ಟಾರ್ಟ್ ಆಗಿತ್ತು. ಬೀಗರ ಚಿಕ್ಕಪ್ಪನನ್ನೂ ಬಿಡದೆ ತಂದವನು ಸ್ವಂತ ಅಕ್ಕನ ಹಾಡನ್ನು ಛತ್ರದಲ್ಲಿ ಬಿಟ್ಟು ಬಂದಿದ್ದ! ನನಗೆ ನಗು ತಡೆಯಲಾಗಲಿಲ್ಲ.

"ನಗಬೇಡ ಚಿಕ್ಕಕ್ಕ. ದೊಡ್ಡಕ್ಕಂಗೆ ಈಗ ನಾಕು ಮಾತಾಡಿದ್ರೆ ಉಸಿರು ಸಿಕ್ಕಲ್ಲ. ಇನ್ನೊಂದ್ಸಲ ಹಾಡೋಕಾಗುತ್ತೋ ಇಲ್ವೋ."

ನಗು ನಿಂತಿತು.

ತಮ್ಮ ಒಂದು ವಾರ ಕುರ್ಚಿ ಬಿಟ್ಟೇಳಲಿಲ್ಲ. ಫೈಲು ಉಗ್ರಾಣ ಸೇರಬೇಕು, ಎರಡೂ ಕಡೆ ಸೈಜ್ ತಾಳೆಯಾಗಬೇಕು, ಆಮೇಲೆ ಗಂಟೆ, ಗಂಟೆಯ ನಂತರವೇ ಕೋಣೆ ಖಾಲಿ. ತನ್ನ ಸರ್ವರನ್ನು ತಾನೇ ಆಫ್ ಮಾಡಿ ಆಫ್ ಮಾಡಿ ಪರೀಕ್ಷಿಸಿದ. ನಾನು ಹಾಡಿದ ಕಾನ್ವೆಂಟಿನ ಪ್ರೇಯರ್ ಏಳು ಸಲ ಬದುಕುಳಿದ ಮೇಲೆ ಇಬ್ಬರೂ ಕುಣಿಗಲ್ ಬಸ್ಸು ಹತ್ತಿದೆವು.

"ಏನ್ಲಾ, ಇಷ್ಟೆಲ್ಲ ಓದಿ ಒಂದು ಹಾಡು ಜೋಪಾನ ಮಾಡೋಕಾಗ್ಲಿಲ್ವಾ ನಿಂಗೆ?" ಎಂದಳು ದೊಡ್ಡಕ್ಕ. ಆದರೂ ಹಾಡಿದಳು, ಸಾಲಿಗೊಮ್ಮೆ ನಿಂತು, ಕೆಮ್ಮಿ, ನೀರು ಕುಡಿದು. ಕೊನೆಯ ನುಡಿಯಲ್ಲಿ ಉಸಿರು ಸಾಲದೆ ಹೋದಾಗ ತಮ್ಮ ತನ್ನ ಒಡಕು ಗಂಟಲಿನಲ್ಲಿ ದನಿ ಸೇರಿಸಿದ. ಕೆಮ್ಮು ಕತ್ತರಿಸಲೇ ಎಂದು ಕೇಳಿದ್ದಕ್ಕೆ ಅವಳು ಬೇಡವೆಂದಳು.

ತಮ್ಮ ಅವಳ ಫೋನಿನಿಂದಲೇ ಹಾಡನ್ನು ಅಪ್‌ಲೋಡಿಗೆ ಹಾಕಿದ. ಸಿಗ್ನಲ್ ಒಂದೇ ಕಡ್ಡಿ. ಬಸ್ಸಿಗೆ ಹೊತ್ತಾಯಿತೆಂದು ನಾನು ಎದ್ದೆ. ದೊಡ್ಡಕ್ಕ ನನ್ನ ಸೆರಗು ಹಿಡಿದಳು.

"ಗಂಟೆ ಹೊಡೀಲಿ, ತಾಳೇ."

ಹಾಲು ಉಕ್ಕುವುದನ್ನು ಕಾಯುವವರಂತೆ ಮೂವರೂ ಫೋನಿನಲ್ಲಿ ತೆವಳುತ್ತಿದ್ದ ಅಪ್‌ಲೋಡಿನ ನೀಲಿ ಗೆರೆಯನ್ನೇ ನೋಡುತ್ತ ಕುಳಿತೆವು. ಟಣ್!

ದೊಡ್ಡಕ್ಕ ಸೆರಗು ಬಿಟ್ಟಳು. "ಈಗ ಹೋಗ್ರಿ."

ಗೇಟಿನ ಹತ್ತಿರ ತಿರುಗಿ ನೋಡಿದೆ. ಫೋನನ್ನು ಕಿವಿಗೆ ಒತ್ತಿಕೊಂಡು ತನ್ನ ಹಾಡನ್ನೇ ಕೇಳುತ್ತಿದ್ದಳು. ಇನ್ನೊಂದು ಕೈಯಲ್ಲಿ, ಹೊರಡಿ, ಹೊರಡಿ ಎಂದು ಸನ್ನೆ. ನಾನು ಅವಳನ್ನು ಕಡೆಯ ಸಲ ನೋಡಿದ್ದು ಹಾಗೆ.