ಈಗ ನಗಲ್ಯೋ ಬ್ಯಾಡೋ?

ಮಂದಿ ಮನಿ ಸುದ್ದಿಗೆ ನಾ ಹೋಗೂದಿಲ್ಲ. ಸುದ್ದೀನ ನನ್ನ ಹುಡುಕ್ಕೊಂಡು ಬರ್ತಾವ. ಕಟ್ಟಿ ಮ್ಯಾಲೆ ಶೇಂಗಾ ಸುಲಕೋತ ಕುಂತರ ಸಾಕು, ಒಂದಿಲ್ಲೊಂದು ನಡದ ನಡೀತೈತಿ. ಇಷ್ಟ ದಿನಾ ನಮ್ಮ ಹಂಸಭಾವಿ ಸುದ್ದಿ, ಬಾಳಾದ್ರ ಚಿಕ್ಕೇರೂರಿನ ಸುದ್ದಿ ಬರ್ತಿದ್ದವು. ಈಗೀಗ ಅಮೇರಿಕಾ, ಇಂಗ್ಲೆಂಡಿನವೂ ಬರಾಕ ಹತ್ಯಾವು. ಅದೂ ನಮ್ಮ ಸೊಸಿ ದೆಸಿಂದ.

ಸೊಸಿ ಇಂಗ್ಲಿಷ್‌ದಾಗ ಎಂ.ಎ. ಮಾಡಿದಾಕಿ. ಪರದೇಶದ ನಗಿ ಧಾರಾವಾಹಿ ಇರ್ತಾವಲ್ಲ, ಅವರ ಮಾತನ್ನ ಪರದೇದ ಕೆಳಗ ಕನ್ನಡದಾಗ ಬರದು ಕೊಡೋದು ಆಕಿ ಕೆಲಸ. ಮನ್ಯಾಗ ಕುಂತ ಮಾಡ್ತಾಳ. ಆಕಿ ಕಂಪ್ಯೂಟರ್ ಮುಂದ ಕುಂತರ ಬಾಜೂಕ ನಾ. ಸಾಲಿ ಕಟ್ಟಿ ಹತ್ತಿದ್ದು ಕಡಿಮಿ, ನಾ ಒಂದು ಸಾಲು ಕೂಡಿಸಿ ಓದೂದರಾಗ ಅವರು ಎರಡು ಜಗಳಾ ಮುಗಿಸಿರ್ತಾರ. ಆದ್ರ ಯಾರು ಯಾರನ್ನ ಬಿಟ್ಟರು, ಯಾರು ಯಾರ ಜೋಡಿ ಹೋದರು ಅನ್ನೂದು ತಿಳಕೊಳ್ಳಾಕ ಅಕ್ಷರ ಬೇಕಾಗೂದಿಲ್ಲ.

ಅದ ಹೊತ್ತಿಗೆ ಸವಣೂರಿನ್ಯಾಗಿರೋ ನನ್ನ ಮಗಳ ಮಗಳಿಗೆ ಗಂಡು ನೋಡೂದೂ ನಡದಿತ್ತು. ಎರಡೂ ಕೂಡಿ ಏನಾತು ಹೇಳ್ತೇನಿ.

ಪುಕ್ಕಟೆ ನಗೋರು

ಮೊದಲನೇದು ಅಮೇರಿಕಾದ್ದು. ಒಬ್ಬಾಕಿ ಹೆಂಗಸು. ಗಂಡಗ ಸೋಡಚೀಟಿ ಕೊಟ್ಟಾಳ. ಬಿಟ್ಟ ಗಂಡ ಎದುರಿನ ಮನ್ಯಾಗ ಇರ್ತಾನ. ದಿನಾ ಬರ್ತಾನ, ಬಾಗಲಾ ಬಡಿಯೂದಿಲ್ಲ, ಸೀದಾ ಫ್ರಿಜ್ ತಗದು ಹಾಲು ಕುಡೀತಾನ! ಇಂಥಾದೊಂದು ನಮ್ಮೂರಾಗ ನಡದಿದ್ರ ಓಣಿಗೆ ಒಂದು ವರ್ಷದ ಮೇವು. ನಾ ಖುಷೀಲೆ ಕಾಲು ಮಡಚಿ ಕುಂತೆ.

ಆದ್ರ ಆಕಿ ಬಾಯಿ ತಗದಾಗೊಮ್ಮೆ ಎಲ್ಲಿಂದಲೋ ಒಂದು ಹಿಂಡು ಮಂದಿ ಘೊಳ್ಳಂತ ನಗ್ತಿತ್ತು. ನಾ ಕಂಪ್ಯೂಟರ್ ಹಿಂದ ಬಗ್ಗಿ ನೋಡಿದೆ.

"ಯಾರವ್ವ ಅವರು? ಗ್ವಾಡಿ ಹಿಂದ ನಿಂತಾರೇನು?"

"ಯಾರೂ ಇಲ್ಲರಿ ಅತ್ತಿ," ಅಂದ್ಲು ಸೊಸಿ. "ಕೆಲವಕ್ಕ ಖರೇ ಮಂದಿನ್ನ ಕುಂದರಸಿ ನಗಸ್ತಾರ. ಇದಕ್ಕ ನಗಿ ಆಮ್ಯಾಲೆ ತಂದು ಕೂಡಸ್ಯಾರ. ಎಲ್ಲೆ ನಗಬೇಕು ಅಂತ ನೋಡೋರಿಗೆ ತಿಳೀಲಿ ಅಂತ."

"ಅಂದ್ರ ಗಂಡನ್ನ ಬಿಟ್ಟಾಕಿನ್ನ ನೋಡಿ ನಗಾಕ ನಗಿ ಕೊಂಡು ತಂದಾರ?"

"ಹಂಗ ಅನಕೋರಿ."

ನನಗ ಖರೇನ ಕೆಟ್ಟನಿಸಿತು. ಅಷ್ಟು ಶ್ರೀಮಂತ ದೇಶ. ಮನಿ ಒಳಗ ಮ್ಯಾಲೆ ಹತ್ತಾಕ ಪಾವಟಿಗಿ, ಎಮ್ಮಿ ಮಲಗೋವಷ್ಟು ಸೋಫಾ. ಆದ್ರ ನಗಾಕ ನೆರಿಹೊರಿ ಇಲ್ಲ, ಪಾಪ. ನಮ್ಮ ಓಣ್ಯಾಗ ಕಾಲು ಜಾರಿದ್ರ ನೀವು ನೆಲಾ ಮುಟ್ಟೂದರಾಗ ನಾಕು ಮನಿಯವರು ನಕ್ಕಿರ್ತಾರ, ಅದೂ ಪುಕ್ಕಟೆ.

ತಿಥಿ ಊಟ

ಅದರ ಬೆನ್ನಿಗೆ ಇಂಗ್ಲೆಂಡಿನದು ಬಂತು. ಅಲ್ಲೆ ಒಂದ ಸಣ್ಣ ಚಹಾದ ಹೊಟೇಲು. ಯಾವಾಗಲೂ ಜಿಟಿಜಿಟಿ ಮಳಿ. ಹೊಟೇಲಿನಂವ ಮನಿ ತುಂಬ ಸಾಲಾ ಇದ್ರೂ ದೇಸಾಯಿ ವಂಶದಂವನಂಗ ಮಾತಾಡಾಂವ. ಹೆಣ್ತಿ ಮೂಲ್ಯಾಗ ಸ್ವೆಟರ್ ಹೆಣಕೋತ ಕುಂತಿರ್ತಾಳ, ತಲಿ ಎತ್ತೂದಿಲ್ಲ. ಒಂದಿನ ಯಾರೋ ದೊಡ್ಡ ಸಾಹೇಬ ಚಹಾಕ್ಕ ಬಂದ. ಬಾಜೂ ಮನಿಯಿಂದ ಕಪ್ಪು-ಬಸಿ ಎರವು ತಂದು ಚಹಾ ಕೊಟ್ಟರ, ಮಾಳಗಿ ಸೋರಿ ಮಳಿನೀರು ಸೀದಾ ಸಾಹೇಬನ ಕಪ್ಪಿನ್ಯಾಗ! ಹೊಟೇಲಿನಂವ ಅದನ್ನ ಕಂಡೂ ಕಾಣದಂಗ ತನ್ನ ಮುತ್ಯಾನ ದೊಡ್ಡಸ್ತಿಕಿ ಹೇಳಕೋತ ನಿಂತ. ಸಾಹೇಬ ಕುಡದ, ಮತ್ತ ಕುಡದ. ಕಡೀಕ ಮಾರಿ ಗಂಟು ಹಾಕ್ಕೊಂಡು ಅಂದ: "ನಿಮ್ಮ ಚಹಾ ಬಾಳ ಚಲೋ. ಎಷ್ಟ ಕುಡದರೂ ಮುಗಿಯೂದಿಲ್ಲ."

ಯಾರೂ ನಗಲಿಲ್ಲ. ಗ್ವಾಡಿ ಹಿಂದಿನವರೂ ನಗಲಿಲ್ಲ. ನನಗ ಕಣ್ಣಾಗ ನೀರು ಬಂದವು. ತಿರುಗಿ ನೋಡಿದ್ರ ಸೊಸಿ ಹೊಟ್ಟಿ ಹಿಡಕೊಂಡು ಹೊಳ್ಯಾಡಾಕತ್ತಾಳ.

"ಆ ಮನಿಷಾನ ಮಾನ ಹೊಂಟೈತಿ, ನಗ್ತೀಯಲ್ಲ ನೀ!"

"ಅತ್ತಿ, ಇದು ಹಾಸ್ಯರಿ!"

"ಕಡೀಕರೆ ಅಂವಗ ಚಲೋ ಆಗತೈತೇನು?"

"ಇಲ್ಲರಿ. ಅಮೇರಿಕಾದವರು ಎಷ್ಟ ಜಗಳಾಡಿದ್ರೂ ಕಡೀಕ ಅಪ್ಪಿಕೊಂಡು ಕಣ್ಣು ಒರಸ್ಕೋತಾರ. ಇವರಲ್ಲೆ ಬಿದ್ದಾಂವ ಬಿದ್ದಲ್ಲೇ ಇರ್ತಾನ. ಐದಾರು ಕಂತಿನ್ಯಾಗ ಮುಗಿಸಿ ಎದ್ದು ಹೋಗ್ತಾರ. ಅಮೇರಿಕಾದವರದು ಮೊಮ್ಮಕ್ಕಳಾಗೂ ತನಕ ನಡೀತೈತಿ." ಆಮ್ಯಾಲೆ ಮತ್ತೊಂದು ಹೇಳಿದ್ಲು: "ಎಲ್ಲಾರೂ ಹಿಂಗ ಅಂತಲ್ಲ. ಆದ್ರ ಇಂಗ್ಲೆಂಡಿನವರು ಹೊರಗಿನವರಿಗೆ ಬಾಳ ಮರ್ಯಾದಿ ಕೊಡ್ತಾರ್ರಿ. ತಮ್ಮವರು ಅನಿಸಿದಮ್ಯಾಲೆ ತಾವು ನಗದಂಗ ಹೀಯಾಳಸ್ತಾರ. ಎಷ್ಟು ಹತ್ತರದವರೋ ಅಷ್ಟು ಹೀಯಾಳಿಕಿ."

ನನಗ ತಿಳೀತು. ಅಮೇರಿಕಾದವರ ನಗಿ ಅಂದ್ರ ಮದುವಿ ಊಟ, ಬಡಿಸಿದಾಂವ ತಾನ ಬಾಳ ರುಚಿ ಐತಿ ಅಂತ ಒದರತಿರ್ತಾನ. ಇಂಗ್ಲೆಂಡಿನದು ತಿಥಿ ಊಟ. ಹೋಳಿಗಿ ಎಷ್ಟು ರುಚಿ ಇದ್ರೂ ಮಾರಿ ಸಣ್ಣದು ಮಾಡ್ಕೊಂಡ ಉಣಬೇಕು.

ಒಂದು ಸಂಸಾರ ದಡಾ ಸೇರಿತು

ನಮ್ಮ ಎದುರುಮನಿಯಾಕಿ ಒಬ್ಬಾಕಿ ಅದಾಳ. ಆಕಿ ನಕ್ಕರ ಸ್ಟ್ಯಾಂಡಿನ್ಯಾಗಿನ ಮಂದಿ ಬಸ್ಸು ಬಂತಂತ ಗಂಟು ಎತ್ತಿಕೊಳ್ತಾರ. ಒಂದಿನ ಹೆಪ್ಪು ಕೇಳಾಕ ಬಟ್ಟಲಾ ಹಿಡಕೊಂಡು ಬಂದಾಕಿ ಧಾರಾವಾಹಿ ನೋಡಕೋತ ಕುಂತಳು.

ಅವತ್ತ ಸೊಸಿಗೆ ಬಂದಿದ್ದು ಅಮೇರಿಕಾದ್ದು ಖರೆ, ಆದ್ರ ಅದಕ್ಕ ಇನ್ನೂ ನಗಿ ಕೂಡಿಸಿದ್ದಿಲ್ಲ. ಸೋಡಚೀಟಿ ಆದಾಕಿ ಒಂದು ಮಾತಾಡಾಕಿ, ಆಮ್ಯಾಲೆ ಕಣ್ಣು ಬಿಟ್ಕೊಂಡು ಸುಮ್ಮ ನಿಲ್ಲಾಕಿ. ಗಂಡ ಹಾಲಿನ ಬಾಟಲಿ ಹಿಡಕೊಂಡು ಆಕಿ ಮಾರಿ ನೋಡಕೋತ ನಿಲ್ಲಾಂವ. ಸ್ಮಶಾನದಂಗ ಸುಮ್ಮ.

"ಯಾಕಕ್ಕಾ, ಇವರಿಗೆ ಮಾತು ಮರತು ಹೋಗೇತೇನು?" ಅಂದ್ಲು ಎದುರುಮನಿಯಾಕಿ.

ನನಗ ಸುಮ್ಮ ಕುಂದರಾಕ ಆಗೂದಿಲ್ಲಲ್ಲ. "ನಗೂ ಮಂದಿ ದಾರಿ ಕಾಯಾಕತ್ತಾರವ್ವ. ಯಾರರೆ ನಕ್ಕರ ಮುಂದ ಹೋಗ್ತಾರ," ಅಂದೆ.

ಆಕಿ ಘೊಳ್ಳಂತ ನಕ್ಕಳು. ಅದ ಹೊತ್ತಿಗೆ ಗಂಡ ಮಾತು ಸುರು ಮಾಡಿದ. ಮತ್ತ ನಿಂತ. ಈಕಿ ಮತ್ತ ನಕ್ಕಳು. ಹೆಣ್ತಿ ಮಾತಾಡಿದ್ಲು. "ನೋಡಕ್ಕಾ, ನನ್ನ ಮಾತು ಕೇಳ್ತಾರ!" ಅಂತ ಸೆರಗು ಸಿಗಿಸಿಕೊಂಡು ಮುಂದ ಸರದು ಕುಂತಳು. ಹೆಪ್ಪು ಮರತಳು, ಒಲಿ ಮ್ಯಾಲಿನ ಹಾಲು ಮರತಳು. ಕಡೀಕ ಗಂಡಾ ಹೆಣ್ತಿ ಅಪ್ಪಿಕೊಂಡಾಗ ಬೆವರು ಒರಸಿಕೊಂಡು, ಬಟ್ಟಲಾ ತಗೊಂಡು ಎದ್ದಳು.

"ಅಂತೂ ಒಂದು ಸಂಸಾರ ದಡಾ ಸೇರಿಸಿದ್ನಿ ನೋಡಕ್ಕಾ."

ಶಿಗ್ಗಾಂವಿಯವರ ಹೊರಸು

ಈಗ ನಮ್ಮ ಅಳಿಯಾನ ಸುದ್ದಿ. ಸವಣೂರಿನ್ಯಾಗ ಅಂವಂದು ವೀಳ್ಯದೆಲಿ ಬಳ್ಳಿ ತ್ವಾಟ. ಬಂಗಾರದಂಥಾ ಮನಿಷಾ, ಆದ್ರ ನಗಿ ತಡಕೊಳ್ಳಾಕ ಆಗೂದಿಲ್ಲ. ಮಾತು ಹೇಳೂಕಿಂತ ಮೊದಲ ನಗ್ತಾನ, ಹೇಳುವಾಗ ನಗ್ತಾನ, ಹೇಳಿ ಮುಗಿಸಿ ನಾವು ನಗಲಿಲ್ಲಂದ್ರ ನಮ್ಮ ಪಾಲಿಂದೂ ತಾನ ನಗ್ತಾನ.

ಮೊಮ್ಮಗಳನ್ನ ನೋಡಾಕ ಮೊದಲು ಶಿಗ್ಗಾಂವಿಯವರು ಬಂದಿದ್ರು. ಹುಡುಗನ ಸ್ವಾದರಮಾವ ಭಾರಿ ಆಳು, ಹೊರಸಿನ ಮ್ಯಾಲೆ ಕುಂತ. ಮಂಚದ ನುಲಿ ಹಗ್ಗ ಹಳೇದು, ಪಟ್ಟಂತ ಹರೀತು. ಮಾವನ ಕಾಲು ಮ್ಯಾಲೆ, ಉಳದದ್ದೆಲ್ಲಾ ಕೆಳಗ. ಅಳಿಯ ನಕ್ಕೋತನ ಓಡಿ ಹೋಗಿ ಕೈ ಹಿಡದು ಎತ್ತಿದ. ಅರ್ಧ ಎತ್ತಿದಾಗ ಮಾವನ ಮಾರಿ ಹತ್ತರದಿಂದ ಕಂಡಿತು. ನಗಿ ಉಕ್ಕಿತು, ಕೈ ಸಡ್ಲಾತು, ಮಾವ ಮತ್ತ ತಳಕ್ಕ.

ಸಂಬಂಧಾನೂ ಅಲ್ಲೇ ತಳಾ ಕಂಡಿತು. ಮಗಳು ಎರಡು ದಿನಾ ಗಂಡನ ಜೋಡಿ ಮಾತು ಬಿಟ್ಟಳು. ಆಮ್ಯಾಲೆ ನಾನ ಹಾನಗಲ್ಲದ ಸಂಬಂಧ ಹುಡುಕಿದೆ. ಹುಡುಗನ್ನ ಮೊಮ್ಮಗಳು ನೋಡಿದ್ಲು, ಮನಸಿಗೆ ಬಂದ. ಹಿರೇರು ಕೂಡಿ ಮಾತಾಡಿ, ಸಂಬಂಧ ಗಟ್ಟಿ ಆತಂತ ಸಕ್ಕರಿ ಹಂಚೂದಷ್ಟ ಉಳದಿತ್ತು. ಮೊಮ್ಮಗಳು ನನ್ನ ಕೈ ಗಟ್ಟಿ ಹಿಡಕೊಂಡು, "ಆಯಿ, ಇಂವನ್ನ ಬಿಟ್ಟು ಬ್ಯಾರೆ ಯಾರನ್ನೂ ನಾ ಒಲ್ಲೆ. ಈ ಸಲ ಅಪ್ಪ ನಗದಂಗ ನೋಡ್ಕೋ," ಅಂದ್ಲು.

ವರದಾ ಹೊಳಿಗೆ ಹರೀಬ್ಯಾಡ ಅಂತ ಹೇಳೂ ಕೆಲಸ ನನಗ ಹಚ್ಚಿದ್ಲು.

ಹಾನಗಲ್ಲದಾಗ ಇಂಗ್ಲೆಂಡು

ಸಕ್ಕರಿ ಹಂಚೂ ದಿನಾ ನಾ ಸವಣೂರಿಗೆ ಹೊಂಟಾಗ ಎದುರುಮನಿಯಾಕಿ ಬೆನ್ನು ಹತ್ತಿದ್ಲು. ಬ್ಯಾಡ ಅಂದ್ರ ಕೇಳಲಿಲ್ಲ.

ಹಾನಗಲ್ಲದ ಬೀಗರು, ಬೀಗತಿ, ಹುಡುಗ ಬಂದರು. ಬೀಗರ ಧೋತರ ಹಾಲಿನಂಗ ಬೆಳ್ಳಗ, ಮಾರಿ ಮಾತ್ರ ಮಣ್ಣಿಗೆ ಹೋಗಿ ಬಂದಾಂವನಂಗ. ಬೀಗತಿ ಬಾಯೀನ ಬಿಚ್ಚವಲ್ಲಳು. ನಮ್ಮ ಅಳಿಯ ತನ್ನ ತ್ವಾಟದ ಎಳಿ ಎಲಿ ಆರಿಸಿ ತಂದು ತಾಟಿನ್ಯಾಗ ಇಟ್ಟ. ಸವಣೂರಿನವರಿಗೆ ಎಲಿ ಅಂದ್ರ ಮನಿ ಮಗಳಿದ್ದಂಗ. ಬೀಗರು ಒಂದು ಎಲಿ ಮಡಚಿ ಬಾಯಾಗ ಇಟ್ಟುಕೊಂಡು ಸಾವಕಾಶ ಅಗದರು.

"ಎಲಿ ಚಲೋ ಅದಾವ್ರಿ. ಇಂಥಾವನ್ನ ನಮ್ಮಲ್ಲೆ ಆಡಿಗೆ ಹಾಕ್ತೇವಿ."

ಅಳಿಯಾನ ಮಾರಿ ಕಪ್ಪಿಟ್ಟಿತು. ಬೀಗರು ಸುತ್ತ ನೋಡಿದ್ರು. "ಮನಿ ದೊಡ್ಡದೈತಿ, ಹೊರಗಿಂದ ನೋಡಿದ್ರ."

ಅಳಿಯ ಎದ್ದು ಅಡಗಿಮನಿಗೆ ಬಂದ. "ಅತ್ತಿ, ಈ ಸಂಬಂಧ ಬ್ಯಾಡರಿ. ನನ್ನ ಎಲಿಗೆ ಆಡಿನ ಮೇವು ಅಂತಾನ!" ಬಾಗಲಾ ಹಿಡಕೊಂಡು ನಿಂತಿದ್ದ ಮೊಮ್ಮಗಳ ಕಣ್ಣು ತುಂಬಿದವು. ನನಗ ತಟ್ಟನ ಆ ಸೋರೂ ಹೊಟೇಲು ನೆನಪಾತು. ಎಷ್ಟ ಕುಡದರೂ ಮುಗಿಯದ ಚಹಾ!

"ಅಳ್ಯಾರ, ಅವರು ಇಂಗ್ಲೆಂಡಿನವರು."

"ಹಾನಗಲ್ಲದವರು ಅಂದಿದ್ರಲ್ಲರಿ?"

"ಊರು ಹಾನಗಲ್ಲ, ನಗಿ ಇಂಗ್ಲೆಂಡಿನದು. ಹೀಯಾಳಸಾಕತ್ತಾರಂದ್ರ ನಿಮ್ಮನ್ನ ತಮ್ಮವರು ಅಂತ ಹಿಡದಾರ. ಮರ್ಯಾದಿ ಕೊಟ್ಟಾಗ ಅಂಜ್ರಿ."

"ಯಾವುದು ಹಾಸ್ಯ, ಯಾವುದು ಬೈಗಳ, ನನಗ ಹೆಂಗ ತಿಳೀಬೇಕ್ರಿ?"

ಅದೂ ಖರೆ. ಆವಾಗ ಎದುರುಮನಿಯಾಕಿ ಕಣ್ಣಿಗೆ ಬಿದ್ಲು. ಆಕಿನ್ನ ಬೀಗರ ಹಿಂದ ಗ್ವಾಡಿಗೆ ಕುಂದರಿಸಿ ಕಿವ್ಯಾಗ ಹೇಳಿದೆ: "ನಾ ಸೆರಗು ಹೊಚ್ಚಿಕೊಂಡ್ರ ನಗು. ಇಲ್ಲಾಂದ್ರ ಬಾಯಿ ಮುಚ್ಚಿ ಕುಂದರು. ಒಂದು ಸಂಸಾರದ ಪ್ರಶ್ನೆ ಐತಿ."

ಸಂಸಾರ ಅಂದಕೂಡಲೆ ಆಕಿ ಬೆನ್ನು ನೆಟ್ಟಗ ಮಾಡಿದ್ಲು. ಬೀಗರು ಉಪ್ಪಿಟ್ಟು ತಿಂದು ನನ್ನ ಮಗಳಿಗೆ ಅಂದರು, "ಉಪ್ಪು ಸರಿಯಾಗಿ ಬಿದ್ದೈತ್ರಿ. ಉಳದದ್ದನ್ನ ಸಾವಕಾಶ ಕಲೀಬಹುದು." ನಾ ಸೆರಗು ಹೊಚ್ಚಿಕೊಂಡೆ. ಹಿಂದಿಂದ ಘೊಳ್ಳಂತ ಬಂತು ನೋಡ್ರಿ ನಗಿ! ಬೀಗರು ಕುಂತಲ್ಲೇ ಒಂದು ಗೇಣು ಎದ್ದು ಕುಂತರು. ಅಳಿಯಾಗ ಹಾಸ್ಯ ಅಂತ ತಿಳೀತು, ತಾನೂ ನಕ್ಕ. ಬೀಗರ ಮಾರಿ ಸಡ್ಲಾಗಲಿಲ್ಲ, ಆದ್ರ ಮೀಸಿ ತುದಿ ಅಳ್ಳಾಡಿತು. ಅಲ್ಲಿಂದ ಮುಂದ ಎಣ್ಣಿ ಹಾಕಿದ ಗಾಲಿಯಂಗ ನಡೀತು. ಬೀಗರು ಒಂದನ್ನೂದು, ನಾ ಸೆರಗು ಹೊಚ್ಚಿಕೊಳ್ಳೂದು, ಆಕಿ ನಗೂದು, ಅಳಿಯ ನಗೂದು.

ಅಷ್ಟಕ್ಕ ಸುಮ್ಮ ಕುಂದರಬೇಕಲ್ಲ? ಅಳಿಯಾಗ ಹುರುಪು ಬಂತು. ತಾನೂ ಇಂಗ್ಲೆಂಡಿನಂಗ ತಿರುಗಿ ಕೊಡಬೇಕಂತ ಮಾರಿ ಗಂಟು ಹಾಕ್ಕೊಂಡ. "ನಿಮ್ಮ ಹಾನಗಲ್ಲ ಮಾವಿನಹಣ್ಣು ನಾವೂ ತಂದಿದ್ವಿರಿ," ಅಂದ. ಗತ್ತಿಗೆ ನಡುವ ಒಂದು ಗುಟುಕು ಚಹಾ ಬಾಯಾಗ ತಗೊಂಡ. ಅಲ್ಲೇ ಕೆಟ್ಟ. ಮುಂದ ಹೇಳಬೇಕಾದ ಮಾತು ಅಂವಗ ಮೊದಲ ನೆನಪಾಗಿಬಿಟ್ಟಿತು. ಗಲ್ಲಾ ಉಬ್ಬಿದವು, ಕಣ್ಣು ಮ್ಯಾಲಾದವು. "ನಮ್ಮ ಆಡು..." ಅಂದ. ಚಹಾ ಪೂರಾ ಬೀಗರ ಬಿಳಿ ಧೋತರದ ಮ್ಯಾಲೆ!

ಶಿಗ್ಗಾಂವಿ ಹೊರಸು ನನ್ನ ಕಣ್ಣ ಮುಂದ ಬಂತು. ಮೊಮ್ಮಗಳು ಎರಡೂ ಕೈಲೆ ಮಾರಿ ಮುಚ್ಚಿಕೊಂಡ್ಲು. ಬೀಗರು ಧೋತರ ನೋಡಿಕೊಂಡರು. ತೊಡಿ ಮ್ಯಾಲೆ ಹಳದಿ ಬಣ್ಣ ಸಾವಕಾಶ ಹಬ್ಬಾಕತ್ತಿತ್ತು. ತಲಿ ಎತ್ತಿದ್ರು.

"ಅರಿಷಿಣ ಮದುವಿಯಾಗ ಹಚ್ಚತೀರಿ ಅನಕೊಂಡಿದ್ವಿ. ಇವತ್ತ ಸುರು ಮಾಡಿದ್ರೇನು?"

ಇದು ಹಾಸ್ಯವೋ, ಎದ್ದು ಹೋಗೂ ಮಾತೋ? ಅಳಿಯ ನನ್ನ ಮಾರಿ ನೋಡಿದ. ಮಗಳು ನನ್ನ ಮಾರಿ ನೋಡಿದ್ಲು. ಇಷ್ಟು ವರ್ಷ ಊರ ಮಂದಿ ಮನಸ್ಸು ಓದಿದ ನನಗೂ ಈ ಮಾರಿ ಓದಾಕ ಬರಲಿಲ್ಲ. ಕೈ ಸೆರಗಿಗೆ ಹೋಗವಲ್ದು. ಆಗ ಗ್ವಾಡಿ ಕಡಿಂದ ದನಿ ಬಂತು, ಬಸ್‌ಸ್ಟ್ಯಾಂಡಿಗೆ ಕೇಳಿಸೂವಂಗ:

"ಯಕ್ಕಾ, ಸೆರಗು ಹೊಚ್ಚಿಕೊಳ್ಳವಲ್ಲೆಲ್ಲ! ಈಗ ನಗಲ್ಯೋ ಬ್ಯಾಡೋ?"

ಮೊದಲು ನಕ್ಕಾಕಿ ಬೀಗತಿ. ಬಂದಾಗಿಂದ ಬಾಯಿ ಬಿಚ್ಚದಾಕಿ ಸೆರಗು ಬಾಯಾಗ ತುರುಕಿಕೊಂಡು ಗದಗದ ನಡುಗಿದ್ಲು. ಆಕಿ ಬೆನ್ನಿಗೆ ಹುಡುಗ, ಹುಡುಗನ ಬೆನ್ನಿಗೆ ನಮ್ಮ ಮೊಮ್ಮಗಳು. ಅಳಿಯ ನೆಲಕ್ಕ ಕುಂತು ನಕ್ಕ, ಈ ಸಲ ಯಾರೂ ಬ್ಯಾಡ ಅನ್ನಲಿಲ್ಲ. ಬೀಗರೊಬ್ಬರ ನಗಲಿಲ್ಲ. ಎಲ್ಲಾರ ನಗಿ ಇಳಿಯೂ ತನಕ ಕಾಯ್ದರು. ಸಕ್ಕರಿ ತಾಟು ಎತ್ತಿ ಅಳಿಯಾನ ಕೈಯಾಗ ಇಟ್ಟರು. ಆಮ್ಯಾಲೆ ಹಿಂದಕ್ಕ ತಿರುಗಿ ಎದುರುಮನಿಯಾಕಿಗೆ ಕೈ ಮುಗದರು.

"ಯವ್ವಾ, ಮದುವಿ ದಿನಾ ನೀವು ನಮ್ಮ ಕಡೆ ಕುಂದರ್ರಿ. ನಮ್ಮ ಮಂದಿಗೆ ಯಾವಾಗ ನಗಬೇಕು ತಿಳಿಯೂದಿಲ್ಲ."

ಆಕಿ ಕಣ್ಣು ಪಿಳಿಪಿಳಿ ಬಿಟ್ಟು ನನ್ನ ಮಾರಿ ನೋಡಿದ್ಲು. ನಾ ಸೆರಗು ತಲಿತುಂಬ ಹೊಚ್ಚಿಕೊಂಡೆ.